ದಿನದ ಓಡಾಟಕ್ಕೊಂದು ಗೇರ್ ಸೆಡಾನ್: ಆರಿಸುವುದು ಹೇಗೆ?

ಯಾವ ಶೋರೂಮಿಗೆ ಹೋದರೂ ಬಾಗಿಲ ಎದುರು ನಿಂತಿರುವುದು ಎಸ್‌ಯುವಿ. ಸೆಡಾನ್ ಒಂದು ಮೂಲೆಯಲ್ಲಿರುತ್ತದೆ. ಅದರಲ್ಲೂ ಗೇರ್ ಗಾಡಿ ಬೇಕು ಅಂದರೆ, "ಈಗ ಎಲ್ಲಾರೂ ಆಟೊಮ್ಯಾಟಿಕ್ಕೇ ತಗೋತಾರ್ರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೂ ದಿನಾ ಓಡಿಸಬೇಕು, ಓಡಿಸುವಾಗ ಖುಷಿಯೂ ಸಿಗಬೇಕು ಅನ್ನುವವರಿಗೆ ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಗೇರ್ ಸೆಡಾನ್ ಇವತ್ತಿಗೂ ಬಹಳ ಒಳ್ಳೆಯ ಆಯ್ಕೆ. ಗಾಡಿ ತಗ್ಗಾಗಿರುವುದರಿಂದ ತಿರುವಿನಲ್ಲಿ ವಾಲಾಡುವುದಿಲ್ಲ. ಅದೇ ಎಂಜಿನ್‌ನ ಎತ್ತರದ ಗಾಡಿಗಿಂತ ಹೆದ್ದಾರಿಯಲ್ಲಿ ಪೆಟ್ರೋಲ್ ಕಡಿಮೆ ಕುಡಿಯುತ್ತದೆ. ಡಿಕ್ಕಿ ಬೇರೆಯೇ ಇರುವುದರಿಂದ ಊರಿಂದ ತಂದ ತೊಗರಿ ಚೀಲದ ಧೂಳು ಒಳಗೆ ಬರುವುದಿಲ್ಲ. ಗೇರ್ ಮಾದರಿಯ ಬೆಲೆಯೂ ಕಡಿಮೆ. ಮುಂದೊಂದು ದಿನ ಕ್ಲಚ್ ಹೋದರೆ ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಹಾಕುತ್ತಾನೆ.

ಮೊದಲು ನಿಮ್ಮ ದಾರಿ ನೋಡಿ

ಬ್ರೋಶರ್ ಆಮೇಲೆ ತೆರೆಯಿರಿ. ದಿನಾ ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ, ಎಷ್ಟು ಜನ, ತಿಂಗಳಿಗೆ ಎಷ್ಟು ಕಿಲೋಮೀಟರ್, ಇಷ್ಟು ಬರೆದಿಟ್ಟುಕೊಳ್ಳಿ.

ಕಲಬುರಗಿಯ ಸೂಪರ್ ಮಾರ್ಕೆಟ್, ಜಗತ್ ಸರ್ಕಲ್, ಬಸ್ ಸ್ಟ್ಯಾಂಡ್ ಸುತ್ತಲೇ ನಿಮ್ಮ ಓಡಾಟ ಇದ್ದರೆ ಗಾಡಿ ಎರಡನೇ ಗೇರ್ ದಾಟುವುದೇ ಅಪರೂಪ. ಅಲ್ಲಿ ಹಗುರ ಕ್ಲಚ್, ಚಿಕ್ಕ ಉದ್ದ, ಸುಲಭ ಪಾರ್ಕಿಂಗ್ ಮುಖ್ಯ. ಸೇಡಂ ಕಡೆಗೋ ಶಹಾಬಾದ್, ವಾಡಿ ಕಡೆಗೋ ಕೆಲಸಕ್ಕೆ ಹೋಗುವವರ ಕಥೆ ಬೇರೆ. ಅಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಸಿಕ್ಕಿಕೊಂಡು, ಸಂದು ಸಿಕ್ಕಾಗ ದಾಟಬೇಕು. ಮೂರನೇ ಗೇರಿನಲ್ಲಿ ಜೋರಿರುವ ಎಂಜಿನ್ ಬೇಕು. ಇನ್ನು ಹುಮನಾಬಾದ್‌ನಿಂದ ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಮೇಲಿಂದ ಮೇಲೆ ಹೈದರಾಬಾದಿಗೆ ಹೋಗುವವರು ಆರು ಗೇರಿನ ಗಾಡಿ ನೋಡಿ. 100ರ ವೇಗದಲ್ಲೂ ಎಂಜಿನ್ ಕೂಗಾಡದೆ ಆರಾಮಾಗಿರುತ್ತದೆ.

ಮೂರೂ ಬೇಕು ಅನ್ನುವವರೇ ಜಾಸ್ತಿ ಅಲ್ವಾ? ಹಾಗಿದ್ದರೆ ವಾರದಲ್ಲಿ ಐದು ದಿನ ಹೋಗುವ ದಾರಿಗೆ ಹೆಚ್ಚು ತೂಕ ಕೊಡಿ. ವರ್ಷಕ್ಕೊಮ್ಮೆಯ ತಿರುಪತಿ ಪ್ರವಾಸ ನೋಡಿ ಗಾಡಿ ಕೊಳ್ಳಬೇಡಿ.

ನಾಲ್ಕು ಮೀಟರ್ ಒಳಗೋ ಹೊರಗೋ?

ಬೆಲೆಯ ದೊಡ್ಡ ಗೆರೆ ಇರುವುದು ಇಲ್ಲಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ 18%. ಅದನ್ನು ಮೀರಿದರೆ 40%. ಎರಡೂ ಷರತ್ತು ಒಟ್ಟಿಗೆ ಹೊಂದಬೇಕು. ಸ್ಕೋಡಾ ಸ್ಲಾವಿಯಾದ ಚಿಕ್ಕ ಎಂಜಿನ್ 999 ಸಿಸಿ ಮಾತ್ರ. ಆದರೆ ಗಾಡಿಯ ಉದ್ದ ನಾಲ್ಕೂವರೆ ಮೀಟರ್ ದಾಟುವುದರಿಂದ ಅದಕ್ಕೂ 40%. ಇದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ ಇದೆ, ಅದೂ ಬೆಲೆ ಏರಿದಂತೆ ಏರುತ್ತದೆ. ಹಾಗಾಗಿ ಯಾವಾಗಲೂ ಆನ್ ರೋಡ್ ಬೆಲೆಯನ್ನೇ ಬರೆಸಿಕೊಳ್ಳಿ.

ಚಿಕ್ಕವುಗಳಲ್ಲಿ ಮಾರುತಿ ಡಿಸೈರ್, ಹೋಂಡಾ ಅಮೇಜ್, ಹ್ಯುಂಡೈ ಔರಾ, ಟಾಟಾ ಟಿಗೋರ್ ಇವೆ. 2024ರ ನವೆಂಬರಿನಲ್ಲಿ ಬಂದ ಹೊಸ ಡಿಸೈರ್‌ನದು ಮೂರು ಸಿಲಿಂಡರಿನ ಎಂಜಿನ್. ಮೈಲೇಜ್ ಭರ್ಜರಿ, ಕ್ಲಚ್ ಹಗುರ, ಊರೊಳಗೆ ಓಡಿಸಲು ಸಲೀಸು. ಅಮೇಜ್‌ನದು ನಾಲ್ಕು ಸಿಲಿಂಡರ್, 90 ಪಿಎಸ್ (ಎಂಜಿನ್ ಶಕ್ತಿಯ ಅಳತೆ), ಡಿಕ್ಕಿ 416 ಲೀಟರ್. ಎಂಜಿನ್ ನುಣುಪಾಗಿ ತಿರುಗಬೇಕು ಅನ್ನುವವರಿಗೆ ಇದು ಹಿಡಿಸುತ್ತದೆ.

ದೊಡ್ಡವುಗಳಲ್ಲಿ ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್. ಇವುಗಳ ಡಿಕ್ಕಿ 500 ಲೀಟರ್ ಮೇಲೆಯೇ ಇದೆ. ನಾಲ್ವರ ಸೂಟ್‌ಕೇಸು ಆರಾಮಾಗಿ ಹಿಡಿಸುತ್ತದೆ.

ಒಂದು ಎಚ್ಚರಿಕೆ. ಕಂಪನಿಗಳು ಗೇರ್ ಇರುವ ವೇರಿಯಂಟ್ ಕಡಿಮೆ ಮಾಡುತ್ತಿವೆ. ಬಲವಾದ ಎಂಜಿನ್ ಅಥವಾ ಮೇಲಿನ ವೇರಿಯಂಟ್ ಆಟೊಮ್ಯಾಟಿಕ್‌ನಲ್ಲಿ ಮಾತ್ರ ಸಿಗಬಹುದು. ಇಷ್ಟಪಟ್ಟ ಮೇಲೆ ಬೇಸರ ಆಗುವುದಕ್ಕಿಂತ ಇದನ್ನು ಮೊದಲೇ ಕೇಳಿ.

ಎಂಜಿನ್ ಸ್ವಭಾವ ತಿಳಿಯಿರಿ

ಮಾರುವವರು ಹೇಳುವುದು ಪಿಎಸ್. ದಿನದ ಓಡಾಟದಲ್ಲಿ ಕಾಲಿಗೆ ಗೊತ್ತಾಗುವುದು ಟಾರ್ಕ್, ಅಂದರೆ ಎನ್‌ಎಂನಲ್ಲಿ ಅಳೆಯುವ ಎಳೆತದ ಬಲ, ಅದೂ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಅಂದರೆ ಎಷ್ಟು ಆರ್‌ಪಿಎಂನಲ್ಲಿ ಬರುತ್ತದೆ ಎಂಬುದು. ಹೋಂಡಾ ಸಿಟಿಯ 1.5 ಲೀಟರ್ ಎಂಜಿನ್‌ಗೆ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಬಲ ಏರಿಸುವ ಸಾಧನ) ಇಲ್ಲ. 121 ಪಿಎಸ್, 145 ಎನ್‌ಎಂ. ಪೂರ್ತಿ ಟಾರ್ಕ್ ಸಿಗುವುದು 4300 ಆರ್‌ಪಿಎಂ ಹೊತ್ತಿಗೆ. ಕೆಳಗೆ ಸೌಮ್ಯ, ಮೇಲೆ ಎಳೆದಷ್ಟೂ ಹುರುಪು. ಗೇರ್ ಬದಲಿಸುವುದೇ ಖುಷಿ ಅನ್ನುವವರ ಗಾಡಿ ಅದು. ಸ್ಲಾವಿಯಾ, ವರ್ಟಸ್‌ಗಳ 1.0 ಟರ್ಬೊ 178 ಎನ್‌ಎಂ ಕೊಡುತ್ತದೆ, ಅದೂ 1750 ಆರ್‌ಪಿಎಂನಿಂದಲೇ. ಆದರೆ ಅದರ ಕೆಳಗೆ ಅರೆಗಳಿಗೆ ತಡಬಡಿಸುತ್ತದೆ. ತುಂಬಿದ ಟ್ರಾಫಿಕ್ಕಿನಲ್ಲಿ ಎರಡನೇ ಗೇರಿನಲ್ಲಿ ಹೋಗುತ್ತಿದ್ದವರು ಮೊದಲನೆಯದಕ್ಕೆ ಇಳಿಸಬೇಕಾಗುತ್ತದೆ. 2023ರಲ್ಲಿ ಬಂದ ವೆರ್ನಾದ ಟರ್ಬೊ 160 ಪಿಎಸ್, 253 ಎನ್‌ಎಂ. ಹೆದ್ದಾರಿಯಲ್ಲಿ ಅದರ ಎಳೆತ ನಿಜಕ್ಕೂ ಜೋರು. ಊರೊಳಗಷ್ಟೇ ಓಡಿಸುವವರಿಗೆ ಸುಮ್ನೆ ದುಡ್ಡು ದಂಡ.

ಈ ಗಾತ್ರದ ಹೊಸ ಡೀಸೆಲ್ ಸೆಡಾನ್ ಹುಡುಕಬೇಡಿ. ಸಿಟಿ, ವೆರ್ನಾ ಎರಡರಲ್ಲೂ ಡೀಸೆಲ್ 2023ರಲ್ಲೇ ನಿಂತಿದೆ.

ಮೈಲೇಜ್ ಲೆಕ್ಕ ಹೀಗೆ ಹಾಕಿ. ತಿಂಗಳಿಗೆ 1200 ಕಿಲೋಮೀಟರ್ ಓಡಿಸಿದರೆ, ಲೀಟರಿಗೆ 15 ಕೊಡುವ ಗಾಡಿಗೆ 80 ಲೀಟರ್ ಬೇಕು. 20 ಕೊಡುವುದಕ್ಕೆ 60 ಲೀಟರ್ ಸಾಕು. ಲೀಟರಿಗೆ 100 ರೂಪಾಯಿ ಹಿಡಿದರೆ ತಿಂಗಳಿಗೆ 2,000 ರೂಪಾಯಿ ಫರಕು. ಈ ಹಣಕ್ಕೆ ನಿಮಗೆ ಸಿಗುವ ಖುಷಿ ಸಾಕೇ ಎಂಬುದನ್ನು ನೀವೇ ತೀರ್ಮಾನಿಸಬೇಕು.

ಟೆಸ್ಟ್ ಡ್ರೈವ್: ಇಲ್ಲಿ ಅವಸರ ಬೇಡ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಶೋರೂಮಿನವರು ಒಂದು ಸುತ್ತು ಹಾಕಿಸಿ ವಾಪಸ್ ಕರೆತರುತ್ತಾರೆ. ನೀವು ದಿನಾ ಹೋಗುವ ದಾರಿಯಲ್ಲೇ ಹೋಗೋಣ ಅಂತ ಕೇಳಿ. ಗೇರ್ ಗಾಡಿಯನ್ನೇ ಕೊಡಲಿ. ಆಟೊಮ್ಯಾಟಿಕ್ ಓಡಿಸಿ ಗೇರ್ ಗಾಡಿ ಬುಕ್ ಮಾಡುವುದು ಬೇಡ.

ಹೊರಡುವ ಮುಂಚೆ ಸೀಟು ಸರಿ ಮಾಡಿಕೊಳ್ಳಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿಯೇ ಇರಬೇಕು. ಕ್ಲಚ್ ಬಿಟ್ಟ ಮೇಲೆ ಎಡಗಾಲು ಇಡಲು ಜಾಗ ಇದೆಯೇ? ಇಲ್ಲದಿದ್ದರೆ ಬೀದರ್ ಮುಟ್ಟುವುದರೊಳಗೆ ಕಾಲು ಸೋತುಹೋಗುತ್ತದೆ.

ಈಗ ಮೊದಲ ಗೇರ್ ಹಾಕಿ. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚನ್ನು ನಿಧಾನ ಬಿಡುತ್ತಾ ಬನ್ನಿ. ಗಾಡಿ ಎಲ್ಲಿ ಹಿಡಿಯುತ್ತದೆ ಗಮನಿಸಿ. ಪೆಡಲ್ ತೀರಾ ಮೇಲೆ ಬಂದ ಮೇಲೆ ಹಿಡಿದರೆ ಟ್ರಾಫಿಕ್ಕಿನಲ್ಲಿ ಪ್ರತಿ ಸಲ ಕಾಲನ್ನು ಅಷ್ಟೂ ಎತ್ತಬೇಕು. ನಡುವೆ, ಸ್ಪಷ್ಟವಾಗಿ, ಮೆತ್ತಗೆ ಹಿಡಿಯುವುದು ಒಳ್ಳೆಯದು. ಒಂದನೇ ಗೇರಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹಲವು ಸಲ ಬದಲಿಸಿ. ದಿನಾ ನೂರಾರು ಸಲ ಮಾಡುವ ಕೆಲಸ ಅದು. ಲಿವರ್ ತಾನಾಗಿ ಜಾರಿ ಕೂರಬೇಕು, ತಳ್ಳಿ ಕೂರಿಸುವಂತಿರಬಾರದು. ನನ್ನ ಮಟ್ಟಿಗೆ ಗೇರ್ ಗಾಡಿಯ ಅರ್ಧ ಖುಷಿ ಇದರಲ್ಲೇ ಇದೆ. ಪರದೆ ಎಷ್ಟು ಇಂಚು ಎಂಬುದು ಆರು ತಿಂಗಳಲ್ಲಿ ಮರೆತುಹೋಗುತ್ತದೆ.

ನಂತರ ಎಸಿ ಹಾಕಿ. ಎರಡನೇ ಗೇರಿನಲ್ಲಿ ನಡಿಗೆಯ ವೇಗಕ್ಕೆ ಇಳಿಸಿ, ಮತ್ತೆ ಮೆಲ್ಲಗೆ ಒತ್ತಿ. ಎಂಜಿನ್ ಗುದ್ದಾಡುತ್ತದೆಯೇ, ಸಲೀಸಾಗಿ ಎಳೆಯುತ್ತದೆಯೇ? ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ನಿಲ್ಲಿಸಿ ಹೊರಡಬೇಕಾಗಿ ಬಂದರೆ ಗಾಡಿ ಹಿಂದಕ್ಕೆ ಜಾರುತ್ತದೆಯೇ ನೋಡಿ. ಈಗ ಹಲವು ಗಾಡಿಗಳಲ್ಲಿ ಹಿಲ್ ಹೋಲ್ಡ್ ಇದೆ, ನಿಮ್ಮ ವೇರಿಯಂಟ್‌ನಲ್ಲಿ ಇದೆಯೇ ಕೇಳಿ. ಕೊನೆಗೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನ 60ರಿಂದ ಮೂರಕ್ಕೆ ಇಳಿಸಿ ಒತ್ತಿ. ಲಾರಿ ದಾಟುವಾಗ ನಿಮ್ಮ ಕೈಗೆ ಸಿಗುವ ಶಕ್ತಿ ಇಷ್ಟೇ.

ಹಂಪ್ಸ್, ತಗ್ಗು, ಟೈರು

ಸೆಡಾನ್ ಅಂದ ಕೂಡಲೇ ನಮ್ಮವರ ಮೊದಲ ಹೆದರಿಕೆ, "ಹಂಪ್ಸ್‌ಗೆ ಹೊಟ್ಟಿ ಬಡೀತದ". ಇದು ಸುಳ್ಳಲ್ಲ. ಹಳ್ಳಿ ಬಂದಲ್ಲೆಲ್ಲ ಎತ್ತರದ ಹಂಪ್ಸ್ ಇವೆ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಗಿರುವ ಎತ್ತರ, ಸ್ಲಾವಿಯಾ, ವರ್ಟಸ್‌ಗಳಲ್ಲಿ 179 ಮಿಲಿಮೀಟರ್, ಅಮೇಜ್‌ನಲ್ಲಿ 172, ಡಿಸೈರ್‌ನಲ್ಲಿ 163. ಆದರೆ ಈ ಅಂಕಿ ಸಾಮಾನ್ಯವಾಗಿ ಖಾಲಿ ಗಾಡಿಯದು. ಐದು ಜನ ಕೂತರೆ ಕಡಿಮೆಯಾಗುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಜಾಸ್ತಿ ಇದ್ದಷ್ಟೂ ನಡುವಿನ ಭಾಗ ತಾಗುವ ಸಂಭವ ಜಾಸ್ತಿ. ಅದಕ್ಕೇ ಟೆಸ್ಟ್ ಡ್ರೈವ್‌ಗೆ ಮನೆಮಂದಿಯನ್ನೆಲ್ಲ ಕರೆದೊಯ್ಯಿರಿ. ಮಂಡಿನೋವಿನ ಅವ್ವ, ಅಪ್ಪ ಇದ್ದರೆ ಹಿಂದಿನ ಸೀಟಿಗೆ ಹತ್ತಿ ಇಳಿದು ನೋಡಲಿ. ಸೆಡಾನಿನ ಸೀಟು ತಗ್ಗು, ಏಳುವಾಗ ಕಷ್ಟ ಆಗಬಹುದು.

ಟೈರಿನ ಮೇಲಿನ ಅಂಕಿ ಓದುವುದು ಸುಲಭ. 185/65 ಆರ್ 15 ಅಂದರೆ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ 65%, ಅಂದರೆ ಸುಮಾರು 120 ಮಿಲಿಮೀಟರ್. ಅದೇ 205/45 ಆರ್ 17 ಹಾಕಿಸಿದರೆ 92 ಮಾತ್ರ. ನೋಡಲು ಚೆಂದ, ಮಳೆಗಾಲದ ತಗ್ಗಿನಲ್ಲಿ ರಿಮ್ ಬೆಂಡ್. ಕಂಪನಿ ಕೊಟ್ಟ ಅಳತೆಯಲ್ಲೇ ಇರಿ. ಎರಡು ವೇರಿಯಂಟ್ ನಡುವೆ ಮನಸ್ಸು ತೂಗುತ್ತಿದ್ದರೆ ದಪ್ಪ ಗೋಡೆಯ ಟೈರಿರುವುದನ್ನು ಆರಿಸಿ.

ನಮ್ಮ ಬಿಸಿಲು

ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರು ನಮ್ಮದು. ಶೋರೂಮಿನ ನೆರಳಲ್ಲಿ ಎಸಿ ಪರೀಕ್ಷೆ ಮಾಡಿದರೆ ಏನೂ ತಿಳಿಯದು. ಮಧ್ಯಾಹ್ನ ಎರಡಕ್ಕೆ ಹೋಗಿ, ಬಿಸಿಲಲ್ಲಿ ನಿಂತಿದ್ದ ಗಾಡಿಯನ್ನೇ ಕೇಳಿ. ಹಿಂದಿನ ಸೀಟಿಗೆ ಎಸಿ ಗಾಳಿ ಬರುತ್ತದೆಯೇ ನೋಡಿ. ಸನ್‌ರೂಫ್‌ಗೆ ಕೊಡುವ ದುಡ್ಡನ್ನು ಹಿಂದಿನ ಎಸಿ ವೆಂಟ್‌ಗೋ ಗಾಳಿಯಾಡುವ ಸೀಟಿಗೋ ಕೊಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಸುರಕ್ಷತೆ ವಿಚಾರದಲ್ಲಿ ರಾಜಿ ಬೇಡ. ಹೊಸ ಡಿಸೈರ್, ವೆರ್ನಾ, ಸ್ಲಾವಿಯಾ, ವರ್ಟಸ್ ನಾಲ್ಕೂ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ 5 ಸ್ಟಾರ್ ಪಡೆದಿವೆ.

ಹಳೇ ಗಾಡಿ ನೋಡುವುದಾದರೆ

ಹೈದರಾಬಾದ್, ಸೋಲಾಪುರ ಹತ್ತಿರ ಇರುವುದರಿಂದ ಅಲ್ಲಿನ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ತರುವವರು ಬಹಳ. ಆ ಬೆಲೆಗೆ ಇನ್ನೂ ಖರ್ಚು ಸೇರಿಸಬೇಕು. ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಿ, ಕೆಎ 32, 33 ಅಥವಾ 38ರ ನಂಬರ್ ಪಡೆಯಬೇಕು. ಸಾಲ ಇದ್ದ ಗಾಡಿಯಾದರೆ ಅದು ತೀರಿದೆ ಎಂಬ ಕಾಗದವೂ ಕೈಗೆ ಬರಬೇಕು.

ಕ್ಲಚ್ ಸವೆದಿದೆಯೇ ತಿಳಿಯಲು ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್ ಹಾಕಿ, 40ರ ವೇಗದಿಂದ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಏರಿ, ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರದ್ದು. 20% ಎಥೆನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲ ಕಡೆ ಬಂದಿದೆ. 2023ರ ಏಪ್ರಿಲ್‌ಗಿಂತ ಹಳೆಯ ಗಾಡಿಯಾದರೆ ಅದಕ್ಕೆ ಹೊಂದುತ್ತದೆಯೇ ಎಂದು ಕೈಪಿಡಿ ನೋಡಿ, ಕಂಪನಿ ಸರ್ವಿಸ್‌ನಲ್ಲೂ ಕೇಳಿ.

ಬುಕ್ ಮಾಡುವ ಮುಂಚೆ, ಮಾಡಿದ ಮೇಲೆ

ಸರ್ವಿಸ್ ಸೆಂಟರ್ ಎಷ್ಟು ದೂರ ಎಂದು ಕೇಳಿ. ಸುರಪುರ, ಔರಾದ್, ಚಿಂಚೋಳಿ ಕಡೆಯವರಿಗೆ ಇದು ದೊಡ್ಡ ವಿಷಯ. ಒಂದು ಸರ್ವಿಸ್‌ಗೆ ಇಡೀ ದಿನ ಹೋಗುವ ಗಾಡಿ ಎಷ್ಟು ಚೆಂದ ಓಡಿದರೂ ದಿನದ ಗಾಡಿ ಆಗುವುದಿಲ್ಲ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮ ಇಲ್ಲ. ಹೊರಗಿನ ಬೆಲೆಯನ್ನೂ ತಂದು ಪಕ್ಕದಲ್ಲಿಟ್ಟು ಮಾತಾಡಿ.

ಗಾಡಿ ಬಂದ ಮೇಲೆ, ನೋಂದಣಿಗೂ ಮುಂಚೆ, ಹಗಲು ಬೆಳಕಲ್ಲಿ ನೋಡಿ. ಬಣ್ಣದ ಗೀರು, ಬಾಗಿಲ ಸಂದು, ಸ್ಟೆಪ್ನಿ, ಜಾಕ್ ಎಲ್ಲ ಇದೆಯೇ, ತಯಾರಾದ ತಿಂಗಳು ಯಾವುದು ಕೇಳಿ. ಮೊದಲ 1000 ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸದೆ, ಜೋರಾಗಿ ಎಳೆಯದೆ, ಗೇರ್ ಬದಲಿಸುತ್ತಾ ಓಡಿಸಿ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ ಇದ್ದರೆ ಆಗಲೇ ಬಿಟ್ಟುಬಿಡಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ತಣ್ಣಗಿರುವಾಗಲೇ ನೋಡಿಸಿ. ಮಧ್ಯಾಹ್ನದ ಬಿಸಿಲಲ್ಲಿ ಓಡಿ ಬಂದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಇಳಿಸಿದರೆ ಮರುದಿನ ಬೆಳಿಗ್ಗೆ ಗಾಳಿ ಕಡಿಮೆ ಇರುತ್ತದೆ.