ಗುಮಟೆ ಕೇಳಿದ ಕಿವಿಗೆ ‘ಅಬ್ರಾಕ್ಸಸ್’: ಕೇಳುವುದು ಹೇಗೆ?

ಮೊದಲ ಸಲ ಕೇಳುವಾಗ ಗಿಟಾರ್ ಬಿಟ್ಟುಬಿಡಿ. ‘ಅಬ್ರಾಕ್ಸಸ್’ ಗಿಟಾರ್ ವಾದಕ ಕಾರ್ಲೋಸ್ ಸಂತಾನಾನ ರಾಕ್ ತಂಡದ ಆಲ್ಬಮ್, ಸಂತಾನಾ ಅಂದರೆ ಗಿಟಾರೇ ಅಲ್ವಾ ಅಂತ ನೀವು ಕೇಳಬಹುದು. ಹೌದು, ಆದರೆ 1970ರ ಈ ಆಲ್ಬಮ್ ಹಿಡಿತಕ್ಕೆ ಬರಬೇಕಾದರೆ ಮೊದಲು ಅದರ ಚರ್ಮವಾದ್ಯಗಳು ಕಿವಿಗೆ ಬೀಳಬೇಕು.

ನಾನು ಅಂಕೋಲಾ ಕಡೆಯವನು. ಸುಗ್ಗಿ ಬಂತೆಂದರೆ ಹಾಲಕ್ಕಿ ಒಕ್ಕಲಿಗರ ಗುಮಟೆ ಕೇಳುತ್ತಾ ಬೆಳೆದೆ. ಗುಮಟೆ ಅಂದರೆ ಮಣ್ಣಿನ ಗಡಿಗೆ. ಅಗಲ ಬಾಯಿಗೆ ಚರ್ಮ ಬಿಗಿದಿರುತ್ತಾರೆ, ಇನ್ನೊಂದು ತುದಿಯ ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಬಾರಿಸುತ್ತಿದ್ದರೆ ಎಡ ಅಂಗೈ ಆ ಸಣ್ಣ ಬಾಯಿಯನ್ನು ಮುಚ್ಚಿ ತೆಗೆದು ಮಾಡುತ್ತದೆ. ಮುಚ್ಚಿದರೆ ನಾದ ಒಳಗೇ ಗುಮ್ಮೆನ್ನುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ.

ಕೊಂಗಾದ ಲೆಕ್ಕವೂ ಹತ್ತಿರ ಹತ್ತಿರ ಇದೇ. ಅದು ನಿಲ್ಲಿಸಿಟ್ಟ ಉದ್ದನೆಯ ಪೀಪಾಯಿಯಂಥ ವಾದ್ಯ. ಬರಿಗೈಯಲ್ಲಿ ಬಾರಿಸುವುದು. ಹೊಡೆದ ಕೈ ತಕ್ಷಣ ಎತ್ತಿದರೆ ನಾದ ಬಿಚ್ಚುತ್ತದೆ. ಕೈ ಚರ್ಮದ ಮೇಲೇ ಒತ್ತಿಟ್ಟರೆ ಮುಚ್ಚುತ್ತದೆ. ಬೆರಳಲ್ಲಿ ಚಟ್ಟೆಂದು ಹೊಡೆದರೆ ಮೂರನೆಯದೇ ಒಂದು ಶಬ್ದ. ಈ ಮೂರನ್ನೂ ಬೇರೆ ಬೇರೆ ಗುರುತಿಸಲು ಬಂದರೆ ಅರ್ಧ ಕೆಲಸ ಆಯಿತು.

ತಂಡದಲ್ಲಿ ಬಾರಿಸುವವರು ಮೂವರು. ಮೈಕೆಲ್ ಕರಬೆಲ್ಲೋ ಕೊಂಗಾ, ನಿಕರಾಗುವಾದ ಹೋಸೆ ‘ಚೆಪಿತೋ’ ಅರಿಯಾಸ್ ಟಿಂಬಾಲೆ, ಮೈಕೆಲ್ ಶ್ರೀವ್ ಡ್ರಮ್ಸ್. ಟಿಂಬಾಲೆಯ ಮೈ ಲೋಹದ್ದು, ಕೋಲಿನಿಂದ ಬಾರಿಸುತ್ತಾರೆ. ಚಂಡೆ ಕೇಳಿದವರಿಗೆ ಅದು ಎಷ್ಟೇ ಗದ್ದಲದಲ್ಲೂ ಸಿಕ್ಕೇ ಸಿಗುತ್ತದೆ. ಕೊಂಗಾ ಮಾತ್ರ ಮೊಬೈಲ್ ಸ್ಪೀಕರಿನಲ್ಲಿ ಸತ್ತೇಹೋಗುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ. ಕಾರವಾರದ ಆಷಾಢದ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಕೇಳುವ ಪ್ರಯತ್ನ ಬೇಡ. ನಾನು ಮಾಡಿ ನೋಡಿದ್ದೇನೆ, ಏನೂ ಕೇಳುವುದಿಲ್ಲ.

ಒಟ್ಟು ಸುಮಾರು 37 ನಿಮಿಷ. ಹಾಡುಗಳ ಕ್ರಮ ಕದಲಿಸಬೇಡಿ. ಮೊದಲನೆಯದಕ್ಕೆ ಮಾತೇ ಇಲ್ಲ, ಗಾಳಿಗೆ ಗಂಟೆ ಅಲುಗಿದಂಥ ಶಬ್ದದಿಂದ ಶುರುವಾಗಿ ಸೀದಾ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಒಳಕ್ಕೆ ಇಳಿಯುತ್ತದೆ. ಅದು ಮೂಲತಃ ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನ್ ಬರೆದ 1968ರ ಬ್ಲೂಸ್ ಹಾಡು. ಆ ಮೂಲವನ್ನೂ ಒಮ್ಮೆ ಕೇಳಿ. ಹಾಡು ಅದೇ, ಕೊಂಗಾ ಬಂದಮೇಲೆ ನಡಿಗೆಯೇ ಬೇರೆ.

ಇನ್ನು ‘ಓಯೆ ಕೋಮೋ ವಾ’. ಇದಕ್ಕೆ ಒಂದು ವಾರ ಕೊಡಿ. ನ್ಯೂಯಾರ್ಕಿನ ಲ್ಯಾಟಿನ್ ಸಂಗೀತಗಾರ ಟೀಟೋ ಪುಯೆಂತೆ ಕಟ್ಟಿದ ಚಾಚಾಚಾ ಇದು, ಅಂದರೆ ಕ್ಯೂಬಾದ ಒಂದು ಕುಣಿತದ ಲಯ. ತಂಡದ ಗಾಯಕ ಗ್ರೆಗ್ ರೋಲಿಯ ಆರ್ಗನ್ ಎರಡೇ ಎರಡು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಮೇಲೆ ಸುತ್ತುತ್ತಿರುತ್ತದೆ. ಕಾಯಿ ತುರಿದ ಹಾಗೆ ಕರಕರ ಅನ್ನುವುದು ಗ್ವಿರೋ, ಗೀರು ಹಾಕಿದ ಸೋರೆಬುರುಡೆಯನ್ನು ಕಡ್ಡಿಯಲ್ಲಿ ಕೆರೆಯುವುದು. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಬಿಳಿ ಆರನ್ನು (ಆರನೇ ಬಿಳಿ ಮನೆ) ಷಡ್ಜ ಮಾಡಿಕೊಂಡು ಹಿಂದೂಸ್ತಾನಿಯ ಕಾಫಿ ಥಾಟಿನ ಸ್ವರ ಹಿಡಿಯಿರಿ. ಕೋಮಲ ಗಾಂಧಾರ, ಕೋಮಲ ನಿಷಾದ. ಗಿಟಾರಿನ ಜೊತೆ ಅವು ಹೇಗೆ ಕೂಡುತ್ತವೆ ನೋಡಿ! ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಗಿಟಾರಿಗೆ ಬನ್ನಿ. ‘ಸಾಂಬಾ ಪಾ ತಿ’ಯಲ್ಲಿ ಹಾಡುವವರೇ ಇಲ್ಲ, ಗಿಟಾರೇ ಹಾಡುತ್ತದೆ. ಕಾರ್ಲೋಸ್ ಮೊದಲು ಕಲಿತದ್ದು ಪಿಟೀಲು. ಅಪ್ಪ ಮರಿಯಾಚಿ ಅನ್ನುವ ಮೆಕ್ಸಿಕೋದ ಜನಪದ ವಾದ್ಯಮೇಳದ ಪಿಟೀಲುವಾದಕ. ಒಂದೇ ಸ್ವರದ ಮೇಲೆ ಇಷ್ಟು ಹೊತ್ತು ನಿಲ್ಲುವುದು ಆ ಕಮಾನಿನಿಂದಲೇ ಬಂದದ್ದು ಅಂತ ನನಗನಿಸುತ್ತದೆ. ಗಿಟಾರಿನ ಜೊತೆ ಬಾಯಿಬಿಟ್ಟು ಗುನುಗಿ. ನಿಮ್ಮ ಉಸಿರು ಮುಗಿದರೂ ಅವನ ಸ್ವರ ಮುಗಿದಿರುವುದಿಲ್ಲ. ಅರ್ಧ ದಾರಿಯಲ್ಲಿ ತಾಳ ಚುರುಕಾಗುತ್ತದೆ, ಆಗ ಮತ್ತೆ ಕೊಂಗಾಕ್ಕೆ ಕಿವಿ ಕೊಡಿ.

ರೋಲಿ ಬರೆದ ಎರಡು ರಾಕ್ ಹಾಡುಗಳು ಚೆನ್ನಾಗಿವೆ, ಅವಕ್ಕೆ ವಿಶೇಷ ತಯಾರಿ ಬೇಡ.

ಕೊನೆಯದು ‘ಎಲ್ ನಿಕೋಯಾ’. ಒಂದೂವರೆ ನಿಮಿಷವಷ್ಟೇ, ಬಹಳ ಜನ ಅಷ್ಟರಲ್ಲಿ ಎದ್ದುಬಿಡುತ್ತಾರೆ. ಏಳಬೇಡಿ. ಆಲ್ಬಮ್ಮಿನ ಮೊದಲ ತುಣುಕು ಕೊಂಗಾದವನು ಕಟ್ಟಿದ್ದು, ಈ ಕಡೆಯದು ಟಿಂಬಾಲೆಯವನು ಕಟ್ಟಿದ್ದು. ಅಕ್ಕನ ಮಗ ಮೊದಲ ದಿನ, “ಎಂತಾ ಮಾವ ಇದು, ಬರೀ ಗಲಾಟೆ” ಅಂದಿದ್ದ. ಮೂರನೇ ವಾರ ಇದೇ ತುಣುಕಿಗೆ ಊಟದ ಮೇಜಿನ ಮೇಲೆ ಬೆರಳಾಡಿಸುತ್ತಿದ್ದ. ಬಿಚ್ಚಿದ್ದು, ಮುಚ್ಚಿದ್ದು, ಚಟ್ಟೆಂದದ್ದು, ಮೂರೂ ಸರಿಯಾಗಿಯೇ ಬೀಳುತ್ತಿದ್ದವು.