ಕಪ್ಪುಗಟ್ಟಿದ ಕಣ್ಣು, ಮೂರು ಇಂಟರ್‌ವ್ಯೂ: ನನ್ನ ಅನುಭವ

ಇಂಟರ್‌ವ್ಯೂ ಮುಂದಕ್ಕೆ ಹಾಕು ಅಂತ ಹೇಳದವರೇ ಇಲ್ಲ. ಹೆಂಡತಿ ಹೇಳಿದಳು, ಭಾವ ಹೇಳಿದ, ಹಳೇ ಆಫೀಸಿನ ಮೂವರು ಫೋನ್ ಮಾಡಿ ಹೇಳಿದರು. "ಈ ಮುಖ ಇಟ್ಕೊಂಡು ಹೋದ್ರೆ ಸೆಕ್ಯುರಿಟಿನೇ ಒಳಗೆ ಬಿಡಲ್ಲ" ಅಂತ ಒಬ್ಬ. ನಾನು ಮುಂದಕ್ಕೆ ಹಾಕಲಿಲ್ಲ. ನೋಟಿಸ್ ಪೀರಿಯಡ್‌ನಲ್ಲಿ ಉಳಿದದ್ದೇ ಹದಿನೆಂಟೋ ಹತ್ತೊಂಬತ್ತೋ ದಿನ, ಕೈಯಲ್ಲಿ ಮೂರು ಇಂಟರ್‌ವ್ಯೂ. ಈಗ ಆಫರ್ ಲೆಟರ್ ಬಂದಿದೆ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಪೆಟ್ಟಾದ ಕಥೆ ಎರಡೇ ಸಾಲು. ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಸಿಲಿಂಡರ್ ಬದಲಾಯಿಸಿ ಎದ್ದೆ. ಮೇಲಿನ ಕಪಾಟಿನ ಬಾಗಿಲು ತೆರೆದಿತ್ತು, ಅದರ ಮೂಲೆ ಎಡ ಹುಬ್ಬಿಗೆ ಹೊಡೆಯಿತು. ಡಾಕ್ಟರ್ ಹೊಲಿಗೆ ಬೇಡ ಅಂತ ಸಣ್ಣ ಪೇಪರ್ ಟೇಪ್ ಪಟ್ಟಿ ಹಾಕಿ, ಟಿಟಿ ಚುಚ್ಚಿ ಕಳಿಸಿದರು. ಎಲ್ಲಾ ಸೇರಿ ಸುಮಾರು 500 ರೂಪಾಯಿ. ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಮಾರನೇ ಬೆಳಿಗ್ಗೆ ಕನ್ನಡಿ ನೋಡಿದರೆ ಹುಬ್ಬು ಆರಾಮಾಗಿದೆ, ಕಣ್ಣಿನ ಕೆಳಗೆ ನೇರಳೆ ಹಣ್ಣು ತಿಂದು ಉಗುಳಿದ ಬಣ್ಣ! ಹಣೆ ಹುಬ್ಬಿಗೆ ಏಟಾದರೆ ಒಳಗಿನ ರಕ್ತ ಕೆಳಗಿಳಿದು ಕಣ್ಣಿನ ಸುತ್ತ ನಿಲ್ಲುತ್ತದೆ. ಇದು ಗೊತ್ತಿದ್ದಿದ್ದರೆ ಮೊದಲ ದಿನ ಇನ್ನೂ ಜಾಸ್ತಿ ಐಸ್ ಇಡುತ್ತಿದ್ದೆ.

ಮೊದಲ ಇಂಟರ್‌ವ್ಯೂ ಮೂರನೇ ದಿನ, ನಾಗವಾರದ ಕಡೆ. ಪೂರ್ತಿ ಮುಚ್ಚಿಬಿಡೋಣ ಅಂತ ಜಯನಗರ ಫೋರ್ತ್ ಬ್ಲಾಕ್‌ನಲ್ಲಿ ಕನ್ಸೀಲರ್ (ಕಲೆ ಮುಚ್ಚೋ ಕ್ರೀಮ್), ಪೌಡರ್, ಕಿತ್ತಳೆ ಬಣ್ಣದ ಒಂದು ಕಡ್ಡಿ ತಗೊಂಡೆ, 1,100 ಹತ್ತಿರ ಆಯ್ತು. ನೀಲಿಯ ಮೇಲೆ ಕಿತ್ತಳೆ ಹಚ್ಚಿದರೆ ನೀಲಿ ಸಾಯುತ್ತದೆ, ಅದು ನಿಜ. ಮನೆಯಲ್ಲಿ ನೋಡಿದರೆ ಅದ್ಭುತ, ನಾನೇ ಮೆಚ್ಚಿಕೊಂಡೆ. ಆದರೆ ಸ್ಕೂಟರ್‌ನಲ್ಲಿ ಹೋಗೋದು, ಹೆಲ್ಮೆಟ್ ಹಾಕೋದು ಅನ್ನೋದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಹೆಬ್ಬಾಳದ ಹತ್ತಿರ ನಿಂತು ನಿಂತು ಬೆವರು. ಕೆಳಗಿಳಿದು ಹೆಲ್ಮೆಟ್ ತೆಗೆದರೆ ಒಳಗಿನ ಸ್ಪಂಜಿಗೆ ನನ್ನ ಅರ್ಧ ಮುಖ ಅಂಟಿದೆ, ಉಳಿದದ್ದು ಬಿಳಿ ಶರ್ಟಿನ ಕಾಲರ್ ಮೇಲೆ. ಕಣ್ಣಿನ ಕೆಳಗೆ ಸುಣ್ಣ ಬಳಿದ ಗೋಡೆ ಮಳೆಗೆ ಸಿಕ್ಕಿದ ಹಾಗೆ. ಒಳಗಿದ್ದವರು ಏನೂ ಕೇಳಲಿಲ್ಲ, ಇಪ್ಪತ್ತು ನಿಮಿಷವೂ ಆ ಕಣ್ಣನ್ನೇ ನೋಡಿದರು. ಕೇಳದೇ ಇರೋದೇ ಕೆಟ್ಟದ್ದು, ಏನೇನು ಊಹೆ ಮಾಡ್ಕೊಂಡರೋ. ಫೋನ್ ಬರಲಿಲ್ಲ.

ಮಧ್ಯದಲ್ಲಿ ಅತ್ತೆಯ ಪ್ರಯೋಗವೂ ನಡೆಯಿತು. ಅರಿಶಿನ ಕಲಸಿ ಬಾವು ಬಂದ ಜಾಗಕ್ಕೆ ಹಚ್ಚಿದರು. ಬಾವು ಸ್ವಲ್ಪ ಇಳಿಯಿತೇನೋ, ತಾನೇ ಇಳಿಯುತ್ತಿತ್ತೇನೋ, ಆದರೆ ಎರಡು ದಿನ ಮುಖ ಎಡಗಡೆ ಮದುಮಗನ ಹಾಗೆ ಹಳದಿ. ಬ್ಯಾಂಡೇಜ್ ಪಟ್ಟಿಯನ್ನೂ ನೋಡಿದೆ. ಅದರ ಮೇಲೆ "ಚರ್ಮದ ಬಣ್ಣ" ಅಂತಾರಲ್ಲ, ಅದು ಯಾರ ಚರ್ಮವೋ, ನಮ್ಮದಂತೂ ಅಲ್ಲ.

ಎರಡನೆಯದು ವಿಡಿಯೋ ಕಾಲ್. ಇಲ್ಲಿ ಗೆದ್ದೆ ಅಂತಲೇ ಕೂತೆ. ಲ್ಯಾಪ್‌ಟಾಪ್ ಎಡಕ್ಕೆ ತಿರುಗಿಸಿ, ಟೇಬಲ್ ಲ್ಯಾಂಪ್ ಬಲಗಡೆ ಇಟ್ಟು, ಎಡ ಕಣ್ಣು ನೆರಳಿಗೆ ಬರೋ ಹಾಗೆ ಮಾಡಿದೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಹೆಂಡತಿಗೆ ಕಾಲ್ ಮಾಡಿ ಮಾಡಿ ಕೋನ ಸರಿಮಾಡಿದ್ದೆ, ಅವಳು ಪಕ್ಕದ ರೂಮಿನಲ್ಲಿ. ಹತ್ತು ನಿಮಿಷ ಆದ ಮೇಲೆ ಆ ಕಡೆಯವರು ಕೇಳಿದ್ದು, "ಪಕ್ಕದಲ್ಲಿ ಯಾರಾದ್ರೂ ಉತ್ತರ ಹೇಳಿಕೊಡ್ತಿದ್ದಾರಾ? ನೇರ ಕೂತ್ಕೊಳ್ಳಿ." ನೇರ ಕೂತೆ. ಕಪ್ಪು ಕಣ್ಣು ಪ್ರತ್ಯಕ್ಷ. ಆಮೇಲೆ ಕೊಟ್ಟ ವಿವರಣೆ ನನಗೇ ಸುಳ್ಳು ಅನಿಸಿತು.

ಅವತ್ತೇ ತೀರ್ಮಾನ ಮಾಡಿದೆ, ಇನ್ನು ಪೂರ್ತಿ ಮುಚ್ಚೋದಿಲ್ಲ. ಚೊಕ್ಕವಾಗಿಡೋದು, ಅವರು ಕೇಳೋ ಮೊದಲು ನಾನೇ ಹೇಳೋದು, ಅಷ್ಟೇ.

ಮೂರನೆಯದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಪೆಟ್ಟಾಗಿ ಒಂಬತ್ತೋ ಹತ್ತೋ ದಿನ. ಕಣ್ಣು ಆಗಲೇ ಹಸಿರು ಹಳದಿಗೆ ತಿರುಗಿತ್ತು. ಇಲ್ಲಿ ಒಂದು ಮಾತು: ಬಣ್ಣ ಹಳದಿಗೆ ಬಂದ ಮೇಲೂ ಕಿತ್ತಳೆ ಕಡ್ಡಿ ಹಚ್ಚಿದರೆ ಇನ್ನೂ ಕೊಳಕಾಗಿ ಕಾಣುತ್ತದೆ, ಆ 400 ರೂಪಾಯಿ ದಂಡ. ಮೈಬಣ್ಣದ ಕನ್ಸೀಲರನ್ನೇ ಬೆರಳ ತುದಿಯಲ್ಲಿ ತಟ್ಟಿದೆ, ಒಂದು ಕಾಳಿನಷ್ಟು. ಅದು ಬೆವರಿಗೆ ಇಳಿಯದಂತೆ ಅಂಗಡಿಯ ಹೆಂಗಸು ಒಂದು ಉಪಾಯ ಹೇಳಿಕೊಟ್ಟಿದ್ದರು, ಅದು ನನ್ನ ಹತ್ತಿರವೇ ಇರಲಿ. ಗಾಯದ ಮೇಲೆ ಏನೂ ಹಚ್ಚಲಿಲ್ಲ, ಹಸಿ ಗಾಯಕ್ಕೆ ಮೇಕಪ್ ಹಚ್ಚಲೇಬೇಡಿ. ಹೊಸ ಪೇಪರ್ ಟೇಪನ್ನು ಉಗುರು ಕತ್ತರಿಯಲ್ಲಿ ಅಕ್ಕಿಕಾಳಿನ ಅಗಲಕ್ಕೆ ಕತ್ತರಿಸಿ ಹುಬ್ಬಿನ ಗೆರೆಯ ಉದ್ದಕ್ಕೇ ಅಂಟಿಸಿದೆ. ಅಡ್ಡ ಅಂಟಿಸಿದರೆ ರೌಡಿ ಥರ, ಉದ್ದಕ್ಕೆ ಅಂಟಿಸಿದರೆ ಪೇಷಂಟ್ ಥರ.

ಸ್ಕೂಟರ್ ಬಿಟ್ಟು ಮೆಟ್ರೋ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ, ಆರ್‌ವಿ ರೋಡಿನಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದೆ. ಹೆಲ್ಮೆಟ್ ಇಲ್ಲ, ಎಸಿ ಇದೆ. ಹಳದಿ ಮಾರ್ಗ ಶುರುವಾದ 2025ರ ಆಗಸ್ಟ್‌ಗೆ ಮುಂಚೆ ಆಗಿದ್ದರೆ ಸಿಲ್ಕ್ ಬೋರ್ಡ್ ರಸ್ತೆಯಲ್ಲೇ ಎಲ್ಲಾ ಕರಗುತ್ತಿತ್ತು.

ಹಿಂದಿನ ಸಂಜೆಯೇ ಎಚ್‌ಆರ್‌ಗೆ ಒಂದು ಸಾಲಿನ ಮೆಸೇಜ್ ಹಾಕಿದ್ದೆ. ಅದರ ಮಾತು ಜೋಡಿಸೋಕೆ ಒಂದು ಗಂಟೆ ಹಿಡಿಯಿತು, ಅದನ್ನೂ ಇಲ್ಲಿ ಬರೆಯಲ್ಲ. ಒಳಗೆ ಹೋಗಿ ಕೂರುವ ಮೊದಲೇ ನಗುತ್ತಾ ಹೇಳಿದೆ: "ಸರ್, ಅಡುಗೆಮನೆ ಕಪಾಟು ಹೊಡೆದಿದ್ದು. ಕಣ್ಣಿಗೇನೂ ಆಗಿಲ್ಲ, 2ಬಿ ಮಿಸ್‌ಮ್ಯಾಚ್ ಇನ್ನೂ ಕಾಣ್ಸುತ್ತೆ." ನನ್ನದು ಜಿಎಸ್‌ಟಿ ಲೆಕ್ಕದ ಕೆಲಸ. 2ಬಿ ಅಂದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಮೇಲೆ ನಮಗೆ ಸಿಗೋ ತೆರಿಗೆ ಕ್ರೆಡಿಟ್‌ನ ಪಟ್ಟಿ, ಅದು ನಮ್ಮ ಲೆಕ್ಕಕ್ಕೆ ತಾಳೆ ಆಗದಿದ್ದರೆ ಮಿಸ್‌ಮ್ಯಾಚ್. ಮ್ಯಾನೇಜರ್ ನಕ್ಕರು, ತಮ್ಮ ಮೊಣಕೈ ತೋರಿಸಿ ಬಾತ್‌ರೂಮಿನಲ್ಲಿ ಜಾರಿದ ಕಥೆ ಹೇಳಿದರು, ಮತ್ತೆ ಮುಕ್ಕಾಲು ಗಂಟೆ ಬರೀ ರಿಟರ್ನ್, ಕ್ರೆಡಿಟ್, ಸಪ್ಲೈಯರ್ ಫಾಲೋಅಪ್. ಹಾಗೆ ನೋಡಿದರೆ ಆ ಜೋಕಿನಿಂದಲೇ ಅವರು 2ಬಿ ಬಗ್ಗೆ ಕೇಳಿದ್ದು, ಅದರಲ್ಲಿ ನನ್ನನ್ನು ಹಿಡಿಯೋರಿಲ್ಲ. ಕಣ್ಣಿನ ಮಾತು ಮತ್ತೆ ಬರಲೇ ಇಲ್ಲ.

ವರ್ಷದ ಸಂಬಳ 5.4 ಲಕ್ಷದಿಂದ 6.6 ಲಕ್ಷಕ್ಕೆ ಬಂತು. ಖರ್ಚು ಶರ್ಟಿನ ಡ್ರೈಕ್ಲೀನಿಂಗ್ ಸೇರಿ 1,800ರ ಒಳಗೆ. ಕಾಲರ್ ಕಲೆ ಹೋಗಲಿಲ್ಲ. ಉಳಿದ ಪೌಡರನ್ನು ಅಕ್ಕನ ಮಗಳು ಸ್ಕೂಲ್ ಡೇಗೆ ಅಂತ ತಗೊಂಡು ಹೋದಳು. ಭಾವ ಈಗ "ನಾನೇ ಹೋಗು ಅಂದಿದ್ದು" ಅಂತ ಹೇಳಿಕೊಂಡು ತಿರುಗುತ್ತಿದ್ದಾನೆ. ಕಪಾಟಿನ ಬಾಗಿಲಿನ ಮೂಲೆಗೆ ಹಳೇ ಹವಾಯಿ ಚಪ್ಪಲಿಯ ರಬ್ಬರ್ ಕತ್ತರಿಸಿ ಅಂಟಿಸಿದ್ದೇನೆ.