ಆಫೀಸಿನ ವೈ-ಫೈಗೆ ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್: ನನ್ನ ಅನುಭವ

ನಾನು ನೆಟ್‌ವರ್ಕ್ ನೋಡಿಕೊಳ್ಳುವ ಆಫೀಸು ಚಿಕ್ಕದು. ವೈ-ಫೈಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇತ್ತು. ಯಾರಾದರೂ ಕೆಲಸ ಬಿಟ್ಟರೆ ಅದನ್ನು ಬದಲಿಸಬೇಕು. ಬದಲಿಸಿದರೆ ಪ್ರತಿ ಫೋನಿಗೂ ಲ್ಯಾಪ್‌ಟಾಪಿಗೂ ಹೊಸದನ್ನು ಹಾಕಬೇಕು. ಹಾಗಾಗಿ ಅದು ಬದಲಾಗುತ್ತಲೇ ಇರಲಿಲ್ಲ. ರೂಟರ್‌ನಲ್ಲಿ ಡಬ್ಲ್ಯೂಪಿಎ2 ಪರ್ಸನಲ್ ಅಥವಾ ಪಿಎಸ್‌ಕೆ ಅಂತ ಕಾಣುವುದು ಇದೇ ಏರ್ಪಾಡು.

ಮ್ಯಾಕ್ ಫಿಲ್ಟರ್ ಹಾಕಿ, ಅಂದರೆ ಪ್ರತಿ ಸಾಧನಕ್ಕಿರುವ ಗುರುತಿನ ವಿಳಾಸ (ಮ್ಯಾಕ್) ನೋಡಿ ಒಳಗೆ ಬಿಡಿ ಅಂತ ಕೆಲವರು ಹೇಳಿದರು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಮ್ಯಾಕ್ ವಿಳಾಸ ಗಾಳಿಯಲ್ಲಿ ತೆರೆದೇ ಹೋಗುತ್ತದೆ, ಯಾರು ಬೇಕಾದರೂ ನಕಲು ಮಾಡಬಹುದು. ಮೇಲಾಗಿ ಆಂಡ್ರಾಯ್ಡ್ 10, ಐಓಎಸ್ 14 ಬಂದ ಮೇಲೆ ಫೋನುಗಳೇ ಬೇರೆ ಬೇರೆ ಮ್ಯಾಕ್ ತೋರಿಸುತ್ತವೆ. ಎಸ್‌ಎಸ್‌ಐಡಿ, ಅಂದರೆ ವೈ-ಫೈ ಹೆಸರು, ಅಡಗಿಸುವುದೂ ಸುಮ್ನೆ ಸಮಾಧಾನಕ್ಕೆ.

ಕೊನೆಗೆ ಒಬ್ಬೊಬ್ಬರಿಗೂ ಬೇರೆ ಹೆಸರು, ಪಾಸ್‌ವರ್ಡ್ ಕೊಡಬಹುದಾದ ಡಬ್ಲ್ಯೂಪಿಎ2 ಎಂಟರ್‌ಪ್ರೈಸ್‌ಗೆ ಹೋದೆ. ಇದರ ಹಿಂದಿರುವುದು 802.1ಎಕ್ಸ್ ಅನ್ನುವ ಮಾನದಂಡ. ಇಲ್ಲಿ ಯಾರನ್ನು ಒಳಗೆ ಬಿಡಬೇಕು ಅಂತ ಆಕ್ಸೆಸ್ ಪಾಯಿಂಟ್ (ವೈ-ಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ತೀರ್ಮಾನಿಸುವುದಿಲ್ಲ. ಫೋನ್ ಹೇಳಿದ್ದನ್ನು, ಗುರುತು ಪರೀಕ್ಷಿಸುವ ರೇಡಿಯಸ್ ಸರ್ವರ್‌ಗೆ ದಾಟಿಸಿ, ಅದು ಸರಿ ಅಂದರೆ ಬಾಗಿಲು ತೆಗೆಯುತ್ತದೆ, ಅಷ್ಟೆ. ಆ ಮಾತುಕತೆಯ ರೀತಿಗೆ ಇಎಪಿ ಅನ್ನುತ್ತಾರೆ.

ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೆ ಉಬುಂಟು ಹಾಕಿ, ಅದರಲ್ಲಿ ಫ್ರೀರೇಡಿಯಸ್ ಅನ್ನುವ ರೇಡಿಯಸ್ ಸರ್ವರ್ ತಂತ್ರಾಂಶ ಕೂರಿಸಿದೆ. ಆಕ್ಸೆಸ್ ಪಾಯಿಂಟ್‌ನ ಐಪಿ ವಿಳಾಸ ಮತ್ತು ಒಂದು ಗುಟ್ಟಿನ ಪದವನ್ನು ಸರ್ವರ್‌ಗೆ ಕೊಟ್ಟೆ. ಅದೇ ಪದ, ಸರ್ವರ್ ವಿಳಾಸ, ಪೋರ್ಟ್ 1812 ಇವನ್ನು ಆಕ್ಸೆಸ್ ಪಾಯಿಂಟ್‌ಗೆ ಕೊಟ್ಟೆ. ಆಮೇಲೆ ಜನರ ಹೆಸರು, ಪಾಸ್‌ವರ್ಡ್. ಶುರುವಿನಲ್ಲಿ ಸರ್ವರನ್ನು ಡೀಬಗ್ ಮೋಡ್‌ನಲ್ಲೇ ಓಡಿಸಿ. ಯಾರನ್ನು ಒಪ್ಪಿತು, ಯಾರನ್ನು ಯಾಕೆ ತಳ್ಳಿತು ಅನ್ನೋದು ಸಾಲುಸಾಲಾಗಿ ಕಾಣುತ್ತದೆ.

ಜಾಸ್ತಿ ಹೊತ್ತು ತಿಂದದ್ದು ಫೋನುಗಳು. ಇಎಪಿ ವಿಧಾನ ಪೀಪ್ (ಮಾತುಕತೆಗೆ ಸುರಕ್ಷಿತ ಸುರಂಗ), ಎರಡನೇ ಹಂತ ಎಂಎಸ್‌ಚಾಪ್‌ವಿ2 (ಅದರೊಳಗೆ ಪಾಸ್‌ವರ್ಡ್ ಪರೀಕ್ಷೆ). ಇಷ್ಟು ಸುಲಭ. ಆಮೇಲೆ ಸಿಎ ಸರ್ಟಿಫಿಕೇಟ್ ಅಂತ ಕೇಳುತ್ತದೆ. ಸರ್ವರ್ ಅಸಲಿಯೇ ಅಂತ ಫೋನು ಪರೀಕ್ಷಿಸುವುದು ಇದರಿಂದ. ಹಳೇ ಆಂಡ್ರಾಯ್ಡ್‌ಗಳಲ್ಲಿ ‘ಪರಿಶೀಲಿಸಬೇಡ’ ಅಂತ ಒತ್ತಿ ಮುಂದೆ ಹೋಗಬಹುದು. ನಾನು ಯಾರಿಗೂ ಬಿಡಲಿಲ್ಲ. ಯಾಕೆಂದರೆ ನಮ್ಮದೇ ಎಸ್‌ಎಸ್‌ಐಡಿ ಇಟ್ಟುಕೊಂಡು ಪಕ್ಕದ ರಸ್ತೆಯಲ್ಲಿ ಯಾರೋ ಒಂದು ಸುಳ್ಳು ಆಕ್ಸೆಸ್ ಪಾಯಿಂಟ್ ಹಚ್ಚಬಹುದು ಅಲ್ವಾ? ಸರ್ಟಿಫಿಕೇಟ್ ನೋಡದ ಫೋನು ಅದಕ್ಕೂ ಉತ್ತರ ಕೊಟ್ಟುಬಿಡುತ್ತದೆ. ಎಂಎಸ್‌ಚಾಪ್‌ವಿ2 ಉತ್ತರವನ್ನು ಒಡೆಯಬಹುದು ಅಂತ 2012ರಲ್ಲೇ ತೋರಿಸಿಯಾಗಿದೆ. ಹಾಗಾಗಿ ನಮ್ಮದೇ ಸಿಎ (ಸರ್ಟಿಫಿಕೇಟ್‌ಗೆ ಸಹಿ ಹಾಕುವ ಮೂಲ) ಮಾಡಿ, ಅದರ ಸರ್ಟಿಫಿಕೇಟ್ ಫೈಲನ್ನು ಪ್ರತಿ ಫೋನಿಗೂ ಹಾಕಿ, ಡೊಮೈನ್ ಜಾಗದಲ್ಲಿ ಸರ್ವರ್ ಹೆಸರು ಬರೆದೆ. ಬೇಜಾರಿನ ಕೆಲಸ ನಿಜ. ಆದರೆ ಇದನ್ನು ಬಿಟ್ಟರೆ ಎಂಟರ್‌ಪ್ರೈಸ್ ಹಾಕಿ ಏನೂ ಉಪಯೋಗವಿಲ್ಲ ಅಂತಲೇ ನನ್ನ ಅಭಿಪ್ರಾಯ.

ನಮ್ಮ ಪ್ರಿಂಟರ್‌ಗೆ 802.1ಎಕ್ಸ್ ಬರುವುದಿಲ್ಲ. ಅದಕ್ಕೆ ಬೇರೆ ಎಸ್‌ಎಸ್‌ಐಡಿ ಮಾಡಿ, ಉದ್ದನೆಯ ಪಿಎಸ್‌ಕೆ ಇಟ್ಟು, ಬೇರೆ ವಿಲ್ಯಾನ್‌ಗೆ (ಉಳಿದದ್ದರಿಂದ ಬೇರ್ಪಟ್ಟ ನೆಟ್‌ವರ್ಕ್ ಭಾಗಕ್ಕೆ) ತಳ್ಳಿದೆ. ಪಾಸ್‌ವರ್ಡ್ 63 ಅಕ್ಷರದವರೆಗೆ ಇರಬಹುದು, ಜಿಪುಣತನ ಬೇಡ.

ಈಗ ಯಾರಾದರೂ ಕೆಲಸ ಬಿಟ್ಟರೆ ಪಟ್ಟಿಯಿಂದ ಒಂದು ಸಾಲು ಅಳಿಸಿ ಸರ್ವರನ್ನು ಮರುಚಾಲೂ ಮಾಡುತ್ತೇನೆ. ಒಂದು ವಿಷಯ ಗಮನಿಸಿ: ಆಗಲೇ ಕನೆಕ್ಟ್ ಆಗಿರುವ ಫೋನು ಅಷ್ಟಕ್ಕೇ ಹೊರಗೆ ಬೀಳುವುದಿಲ್ಲ. ಆಕ್ಸೆಸ್ ಪಾಯಿಂಟ್‌ನಿಂದ ಅದನ್ನು ಕೈಯಾರೆ ಕಡಿಯಬೇಕು, ಇಲ್ಲವೇ ಸರ್ವರ್‌ನಲ್ಲಿ ಸೆಷನ್ ಟೈಮ್‌ಔಟ್ (ಇಷ್ಟು ಹೊತ್ತಾದ ಮೇಲೆ ಮತ್ತೆ ಗುರುತು ಕೇಳು ಅನ್ನುವ ಮಿತಿ) ಇಟ್ಟಿರಬೇಕು.